ನಮ್ಮನೆ ಮುಂದಿನ ಹಂಪು

ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಹೊಸತರಲ್ಲಿ ನಮ್ಮ ಬೀದಿಯ ನಾಯಿಗಳು ಮಟಮಟ ಮಧ್ಯಾಹ್ನ ನಡುರಸ್ತೆಯಲ್ಲೇ ಮಲಗಿ ನಿದ್ದೆ ಮಾಡುತ್ತಿದ್ದವು. ಅವುಗಳನ್ನು ಎಬ್ಬಿಸುವಂಥದ್ದೇನೂ ಆ ಕಡೆ ಬರುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ದೊಡ್ಡ ರಸ್ತೆಯನ್ನು ಚರಂಡಿಗಾಗಿ ಅಗೆದರು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ಗಾಡಿಗಳೆಲ್ಲ ನಮ್ಮ ಬೀದಿಗೆ ನುಗ್ಗಿದವು. ಕೆಲಸ ಮುಗಿದು ದೊಡ್ಡ ರಸ್ತೆ ಸರಿಹೋದ ಮೇಲೂ ಅವು ಅತ್ತ ತಿರುಗಲಿಲ್ಲ. ಹತ್ತಿರದ ದಾರಿ ಗೊತ್ತಾದ ಮೇಲೆ ಸುತ್ತಿ ಹೋಗುವವರು ಯಾರು?

ಗೂಡು ತರುವವರಿಗೆ ಯಾವಾಗಲೂ ಅವಸರ. ಹರಾಜು ಶುರುವಾಗುವುದರೊಳಗೆ ಅಲ್ಲಿರಬೇಕು. ತಡವಾದರೆ ಹುಳವೆಲ್ಲ ಚಿಟ್ಟೆಯಾಗಿ ಹಾರಿಯೇ ಹೋಗುತ್ತವೇನೋ ಅನ್ನುವ ಹಾಗೆ ಮೊಪೆಡ್ಡು, ಆಟೋ, ಟೆಂಪೋಗಳನ್ನು ಓಡಿಸುತ್ತಿದ್ದರು.

ಬೀದಿಯ ನೀರಿನ ನಲ್ಲಿ ಇದ್ದದ್ದು ನಮ್ಮ ಮನೆಯ ಎದುರು ಸಾಲಿನಲ್ಲಿ. ಒಂದು ಬೆಳಿಗ್ಗೆ ನಮ್ಮತ್ತೆ ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ರಸ್ತೆ ದಾಟುತ್ತಿದ್ದರು. ಎರಡೂ ಕಡೆ ಗೂಡಿನ ಮೂಟೆ ಇಳಿಬಿಟ್ಟುಕೊಂಡು ಒಬ್ಬ ಮೊಪೆಡ್ಡಿನಲ್ಲಿ ಬಂದ. ಮೂಟೆ ಬಿಂದಿಗೆಗೆ ತಾಗಿತು. ಅತ್ತೆ ಗಿರ್ರನೆ ತಿರುಗಿ ಮತ್ತೆ ನಲ್ಲಿಯ ಕಡೆಗೇ ಮುಖ ಮಾಡಿ ನಿಂತರು. ನೀರೆಲ್ಲ ಸೀರೆಯ ಮೇಲೆ.

"ಏಮಮ್ಮಾ, ರೋಡು ನೋಡ್ಕೊಂಡು ದಾಟಬಾರದಾ?" ಅಂದ ಅವನು.

"ಇದು ರೋಡು ಅಂತ ಯಾರಪ್ಪ ಹೇಳಿದ್ದು ನಿಂಗೆ? ನಮ್ಮನೆ ಬಾಗಿಲು ಕಣಪ್ಪ ಇದು," ಅಂದರು ಅತ್ತೆ.

ಮಾವನವರು ರಿಟೈರಾದ ಹೈಸ್ಕೂಲು ಮೇಷ್ಟ್ರು. ಅಂದು ಸಂಜೆ ಬೀದಿಯವರನ್ನೆಲ್ಲ ನಮ್ಮ ಜಗಲಿಗೆ ಕರೆದರು. ಗಾಡಿಗಳು ನಿಧಾನವಾಗಿ ಹೋಗುವಂತೆ ರಸ್ತೆಗೆ ಅಡ್ಡಲಾಗಿ ಹಂಪು ಹಾಕಬೇಕೆಂಬ ಅವರ ಮಾತನ್ನು ಎಲ್ಲರೂ ಒಪ್ಪಿದರು. ಆದರೆ ತಮ್ಮ ಮನೆಯ ಮುಂದೆ ಮಾತ್ರ ಯಾರಿಗೂ ಬೇಡ. ಒಬ್ಬರ ಮನೆಯಲ್ಲಿ ಬಾಣಂತಿ ಇದ್ದಳು, ಗಾಡಿ ಕುಲುಕುವ ಸದ್ದಿಗೆ ಮಗು ಏಳುತ್ತದೆ. ಇನ್ನೊಬ್ಬರ ಹಸು ಬೆದರಿ ಹಾಲು ಬಿಡುವುದಿಲ್ಲ. ಮಾತು ಸುತ್ತಿ ಸುತ್ತಿ ಕೊನೆಗೆ ಹಂಪು ನಮ್ಮ ಬಾಗಿಲ ಮುಂದಕ್ಕೇ ಬಂತು.

ಭಾನುವಾರ ಗಂಡಸರೇ ಸೇರಿ ಕಲ್ಲು, ಮಣ್ಣು ಹಾಕಿ ಕಟ್ಟಿದರು. ಎತ್ತರದ ವಿಷಯದಲ್ಲಿ ಮಾವ ಯಾರ ಮಾತೂ ಕೇಳಲಿಲ್ಲ. "ಚಿಕ್ಕದು ಮಾಡಿದ್ರೆ ಅವರು ಹೆದರಲ್ಲ" ಅಂದರು. ಮುಗಿದಾಗ ಅದು ಹೊಲದ ಬದುವಿನಂತಿತ್ತು.

ಅತ್ತೆ ಹೊರಗೆ ಬಂದು ನೋಡಿ, "ಇದನ್ನ ದಾಟೋಕೆ ನಂಗೇ ಒಂದು ಏಣಿ ಬೇಕು" ಅಂದರು.

ಮರುದಿನ ಬೆಳಿಗ್ಗೆ ಕೆಂಚಾರ್ಲಹಳ್ಳಿ ಕಡೆಯ ಟೆಂಪೋ ಬಂತು. ಮುಂದಿನ ಗಾಲಿಗಳು ಹಂಪು ದಾಟಿದವು, ಹಿಂದಿನವು ದಾಟಲಿಲ್ಲ. ಗಾಡಿ ಕೋಳಿ ಕಾವಿಗೆ ಕೂತ ಹಾಗೆ ಹೊಟ್ಟೆ ಊರಿ ಕೂತುಬಿಟ್ಟಿತು. ಬೀದಿಯವರು ಜಗಳಕ್ಕೆ ಸಿದ್ಧರಾಗಿ ಹೊರಗೆ ಬಂದರು. ಜಗಳವೇ ಆಗಲಿಲ್ಲ. ಮೂಟೆಗಳ ನಡುವೆ ಕೂತಿದ್ದ ಹೆಂಗಸು ಇಳಿದು ಬಂದು ಮಾವನಿಗೆ ಮೆಲ್ಲಗೆ ಹೇಳಿದಳು:

"ಸಾರ್, ತಿಂಗಳು ಪೂರ್ತಿ ಮಕ್ಕಳಂಗೆ ಸಾಕಿದ್ದೀವಿ. ಹರಾಜು ಮುಗಿದೋದ್ರೆ ನಾವೇನು ಮಾಡಣ?"

ಅವಳು ಬೈದಿದ್ದರೆ ಮಾವ ತಿರುಗಿ ಬೈದು ಸುಮ್ಮನಾಗುತ್ತಿದ್ದರು. ಈಗ ಹೆಗಲ ಮೇಲಿನ ಟವಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು, "ಒಂದು ಮೂಟೆ ಎತ್ತಿಡಿ" ಅಂದರು. ಮೇಷ್ಟ್ರೇ ಹೊತ್ತ ಮೇಲೆ ಉಳಿದವರು ಹಿಂದೆ ನಿಲ್ಲುವುದು ಹೇಗೆ? ಬೀದಿಗೆ ಬೀದಿಯೇ ಮೂಟೆ ಹೊತ್ತು ಹೊರಟಿತು. ಒಂದು ಮೂಟೆಯನ್ನು ನಾನೂ ಆ ಹೆಂಗಸೂ ಆಚೆ ಈಚೆ ಹಿಡಿದುಕೊಂಡೆವು.

ರಸ್ತೆ ತುಂಬ ನಾವೇ. ಹಿಂದಿನಿಂದ ಒಂದು ಸ್ಕೂಟರು ಪೀಂ ಪೀಂ ಅಂತ ಹಾರನ್ನು ಹೊಡೆಯಿತು. "ಸ್ವಲ್ಪ ಪಕ್ಕಕ್ಕೆ ಸರೀರಿ," ಅಂದ ಸವಾರ. ಮಾವ ಮೂಟೆಯ ಸಮೇತ ತಿರುಗಲಾರದೆ ಮುಂದಕ್ಕೆ ನೋಡಿಕೊಂಡೇ, "ಅವಸರ ಇದೆ ಕಣಯ್ಯ, ಹರಾಜಿಗೆ ಹೊತ್ತಾಯ್ತು," ಅಂದರು.

ಮಾರುಕಟ್ಟೆಯ ಬಾಗಿಲಲ್ಲಿ ಅವರ ಹಳೇ ಶಿಷ್ಯನೊಬ್ಬ ಸಿಕ್ಕ. "ಏನ್ ಮೇಷ್ಟ್ರೇ, ಯಾವಾಗಿಂದ ಹುಳ ಸಾಕ್ತಿದ್ದೀರ?"

"ಇವತ್ತಿಂದ," ಅಂದರು ಮಾವ.

ಹರಾಜು ಇನ್ನೂ ಶುರುವಾಗಿರಲಿಲ್ಲ. ಆ ಹೆಂಗಸಿನ ಮುಖದಲ್ಲಿ ಗೆಲುವು ಕಂಡ ಮೇಲೆಯೇ ಮಾವ ಕುಡಿಯಲು ನೀರು ಕೇಳಿದ್ದು. ನಾವು ಮನೆಗೆ ಬರುವಷ್ಟರಲ್ಲಿ ಭಾರ ಇಳಿದ ಟೆಂಪೋ ಅಲ್ಲಿಂದ ಕದಲಿತ್ತು. ಮಾವ ಯಾರಿಗೂ ಹೇಳದೆ ಗುದ್ದಲಿ ತಂದು ಹಂಪನ್ನು ಅರ್ಧಕ್ಕೆ ಇಳಿಸಿದರು.

ಇಳಿಸಿದ್ದು ಅತಿಯಾಯಿತು. ಮಣ್ಣಿನ ರಸ್ತೆಯಲ್ಲಿ ಮಣ್ಣಿನ ಹಂಪು ಯಾರ ಕಣ್ಣಿಗೂ ಬೀಳದು. ಗಾಡಿಗಳು ಅದೇ ವೇಗದಲ್ಲಿ ಬಂದು ಎಗರಿ ಹೋಗುತ್ತಿದ್ದವು. ಆಗ ಅತ್ತೆ ಅದಕ್ಕೆ ಕೆಮ್ಮಣ್ಣು ಬಳಿದು, ಈ ತುದಿಯಿಂದ ಆ ತುದಿಯವರೆಗೆ ರಂಗೋಲಿ ಎಳೆದರು. ದಿನಾ ಬೆಳಿಗ್ಗೆ ಎಳೆಯತೊಡಗಿದರು. ರಂಗೋಲಿಯ ಮೇಲೆ ಗಾಲಿ ಹತ್ತಿಸಲು ಯಾರಿಗೂ ಮನಸ್ಸಿಲ್ಲ, ಪಕ್ಕದಲ್ಲಿ ಜಾಗವಿಲ್ಲ. ಬಂದವರು ಬ್ರೇಕು ಹಾಕಿ, ಹಿಂದೆ ಮುಂದೆ ನೋಡಿ, ತಪ್ಪಾಯಿತು ಅನ್ನುವಂಥ ಮುಖ ಮಾಡಿಕೊಂಡು ಮೆಲ್ಲಗೆ ದಾಟುತ್ತಿದ್ದರು. ಈ ರಗಳೆಯೇ ಬೇಡವೆಂದು ಎಷ್ಟೋ ಜನ ದೊಡ್ಡ ರಸ್ತೆಗೆ ಮರಳಿದರು.

ಉಳಿದವರನ್ನು ಅತ್ತೆ ಮಾತಿಗೆ ಹಿಡಿಯತೊಡಗಿದರು. "ಈ ಸಲ ಬೆಳೆ ಹೆಂಗಪ್ಪ? ಸೊಪ್ಪು ಸಾಲ್ತಾ?" ಬಿಂದಿಗೆಗೆ ಗುದ್ದಿದ ಮೊಪೆಡ್ಡಿನವನೂ ನಿಂತು ಹೋಗುತ್ತಿದ್ದ.

"ಮುಂಚೆ ಕಣ್ಣು ಮುಚ್ಚಿ ಬಿಡೋದ್ರೊಳಗೆ ಹೋಗ್ತಿದ್ರು," ಎಂದು ಮಾವ ಗೊಣಗಿದರು. "ಈಗ ಒಬ್ಬೊಬ್ಬರೂ ಕಾಫಿ ಕುಡಿದೇ ಹೋಗೋದು."

"ನಿಧಾನವಾಗಿ ಹೋಗ್ಲಿ ಅಂತ ನೀವೇ ತಾನೆ ಅಂದಿದ್ದು," ಅಂದರು ಅತ್ತೆ.

ತೊಂಬತ್ತರ ನಂತರ ಬೀದಿಗೆ ಡಾಂಬರು ಬಂತು. ಅತ್ತೆ ಎದುರಿಗೇ ನಿಂತು ಹಂಪನ್ನು ಕೀಳಗೊಡಲಿಲ್ಲ, ಕೆಲಸದವರು ಅದರ ಮೇಲೇ ಡಾಂಬರು ಹಾಕಿ ಹೋದರು. ಅಷ್ಟು ಹೊತ್ತಿಗೆ ನನ್ನ ಮಗಳು ಎದುರು ಸಾಲಿನ ಅಂಗಡಿಗೆ ಒಬ್ಬಳೇ ಹೋಗಿ ಬರುವಷ್ಟಾಗಿದ್ದಳು. ನಾನು ಒಲೆಯ ಮುಂದಿನಿಂದ ಏಳದೆಯೇ ಅವಳನ್ನು ಕಳಿಸುತ್ತಿದ್ದೆ.