ಹದಿನಾಲ್ಕನೇ ಕಾಲಂ

ಗಡಕ್, ಸರ್ರ್. ಗಡಕ್, ಸರ್ರ್. ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ಒಂದು ಸುತ್ತು ಬಂದರೆ ಒಂದು ಫಾರ್ಮು ಹೊರಬೀಳುತ್ತಿತ್ತು. ತಿಂಗಳ ಕೊನೆಯ ವಾರವೆಲ್ಲ ನಮ್ಮ ಆಫೀಸಿನ ಪ್ಯೂನ್ ಪಕ್ಕದ ಕೋಣೆಯಲ್ಲಿ ಅದನ್ನು ತಿರುಗಿಸುತ್ತಲೇ ಇರುತ್ತಿದ್ದ. ಗೋಡೆಯ ಈಚೆ ನಾನು. ನನ್ನ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಕಾಗದಗಳು ಹಾರುತ್ತವೆಂದು ಅದನ್ನು ಮುಚ್ಚಿಯೇ ಇಡುತ್ತಿದ್ದರು. ಫ್ಯಾನೂ ಇತ್ತು, ಅದೇ ಕಾರಣಕ್ಕೆ ಹಾಕುವಂತಿರಲಿಲ್ಲ. ಕುಂದಗೋಳದ ಏಪ್ರಿಲ್ ಬಿಸಿಲಿನಲ್ಲಿ, ಶಾಯಿಯ ವಾಸನೆಯ ನಡುವೆ, ಬೆವರು ಅಂಕಿಗಳ ಮೇಲೆ ಇಳಿಯದಂತೆ ಮೊಳಕೈ ಕೆಳಗೆ ಕರ್ಚೀಫ್ ಹಾಸಿಕೊಂಡು ಕೂಡಿಸುತ್ತ ಕೂತಿರುತ್ತಿದ್ದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ಹೊರದೇಶದ ನೆರವಿನಿಂದ ನಡೆಯುತ್ತಿದ್ದ ತಾಯಿ-ಮಕ್ಕಳ ಆರೋಗ್ಯದ ಯೋಜನೆಯೊಂದರ ತಾಲೂಕು ಆಫೀಸು ಅದು. ಹಳ್ಳಿಗಳ ನರ್ಸುಗಳು ತಿಂಗಳಿಗೊಮ್ಮೆ ಫಾರ್ಮು ತುಂಬಿ ತರುತ್ತಿದ್ದರು. ಎಷ್ಟು ಬಸುರಿಯರು, ಎಷ್ಟು ಹೆರಿಗೆ, ಎಷ್ಟು ಮಕ್ಕಳಿಗೆ ಲಸಿಕೆ, ಎಷ್ಟು ಸಾವು. ಎಲ್ಲವನ್ನೂ ಕೂಡಿಸಿ ಇಂಗ್ಲಿಷಿನಲ್ಲಿ ರಿಪೋರ್ಟ್ ಮಾಡಿ ಧಾರವಾಡಕ್ಕೆ ಕಳಿಸುವುದು ನನ್ನ ಕೆಲಸ. ನನಗೆ ನೌಕರಿ ಸಿಕ್ಕಿದ್ದೇ ಆ ಇಂಗ್ಲಿಷಿನ ಸಲುವಾಗಿ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದ ನಾನು ಕುಂದಗೋಳದ ದೊಡ್ಡ ಒಕ್ಕಲು ಮನೆಗೆ ಸೊಸೆಯಾಗಿ ಬಂದ ಮೇಲೆ ಇಂಗ್ಲಿಷ್ ಓದಿದ್ದೇನಾದರೂ ಇದ್ದರೆ ಅದು ಮಾವನ ಔಷಧದ ಬಾಟಲಿಯ ಲೇಬಲ್ ಮಾತ್ರ. ನೌಕರಿಗೆ ಅತ್ತೆ ಒಪ್ಪಿದ್ದು ಒಂದೇ ಕಂಡಿಷನ್ ಮೇಲೆ: "ದೀಪಾ ಹಚ್ಚೂದ್ರಾಗ ಮನ್ಯಾಗ ಇರಬೇಕು, ನೋಡವ್ವಾ." ಆಫೀಸಿಗೂ ಮನೆಗೂ ನಡುವೆ ಹತ್ತು ನಿಮಿಷದ ದಾರಿ. ಇಡೀ ದಿನದಲ್ಲಿ ನನ್ನದು ಎನ್ನುವುದು ಅಷ್ಟೇ.

ಕೆಲವು ತಿಂಗಳ ರಿಪೋರ್ಟುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಸಂಶಯ ಬಂತು. ಹುಟ್ಟಿದ ಮಕ್ಕಳಿಗಿಂತ ಲಸಿಕೆ ಹಾಕಿಸಿಕೊಂಡ ಮಕ್ಕಳೇ ಹೆಚ್ಚಿದ್ದರು. ಸತ್ತ ಮಕ್ಕಳು ಮಾತ್ರ ತಾಲೂಕಿನಲ್ಲೇ ಇಲ್ಲ. ತಿಂಗಳ ಮೀಟಿಂಗಿಗೆ ಬಂದ ನರ್ಸುಗಳನ್ನು ಕೇಳಿದೆ. ಎಲ್ಲರೂ ಸೀರೆಯ ಸೆರಗು ನೋಡುತ್ತ ಕೂತರು. ಗುಡಗೇರಿ ಕಡೆಯ ಹಳ್ಳಿಯ ನರ್ಸ್ ಒಬ್ಬಳೇ ಬಾಯಿಬಿಟ್ಟಳು. ನನಗಿಂತ ಐದಾರು ವರ್ಷ ದೊಡ್ಡವಳು, ಗಂಡ ಬಿಟ್ಟುಹೋದವಳು. ಸಬ್‌ಸೆಂಟರಿನ ಹಿಂದಿನ ಕೋಣೆಯಲ್ಲಿ ತನ್ನ ತಾಯಿಯ ಜೊತೆ ಇರುತ್ತಿದ್ದಳು.

"ಬಾಯಾರ, ಚೊಚ್ಚಲ ಬಸರಿ ಕುಬುಸದ ಕಾರ್ಯ ಆದ ಮ್ಯಾಲೆ ತವರಿಗೆ ಹೋಗ್ತಾಳ್ರಿ. ಹಡದು, ಕೂಸಿಗೆ ಐದು ತಿಂಗಳಾದ ಮ್ಯಾಲೆ ಹೊಳ್ಳಿ ಬರ್ತಾಳ. ಕೂಸು ಚಲೋ ಇತ್ತಂದ್ರ ತವರೂರಿನ ನರ್ಸೂ ನಂದು ಅಂತಾಳ, ಗಂಡನ ಊರಿನ ನರ್ಸೂ ನಂದು ಅಂತಾಳ. ಇಬ್ಬರಿಗೂ ಟಾರ್ಗೆಟ್ ಐತಲ್ರಿ! ಸತ್ತಿತಂದ್ರ, ನಿಮ್ಮೂರಿಂದು, ನಿಮ್ಮೂರಿಂದು ಅಂತ ಇಬ್ಬರೂ ಕೈ ಝಾಡಿಸ್ಕೋತೀವಿ."

"ಸುಮ್ನ ಕೂಡ ಬೇ ಯಕ್ಕಾ, ಎಲ್ಲಾರ ಬಂಡವಾಳ ಬೀದಿಗಿ ಇಡ್ತಿ ಏನು?" ಎಂದು ಹಿಂದಿನಿಂದ ಒಬ್ಬಳು ಗೊಣಗಿದಳು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು.

ಆ ವಾರ ನಾನು ಹೊಸ ಫಾರ್ಮಿನ ಡ್ರಾಫ್ಟ್ ಮಾಡಿದೆ. ಕೂಸು ಯಾವ ಊರಿನಲ್ಲಿ ಹುಟ್ಟಿತೋ ಆ ಊರಿನ ಲೆಕ್ಕಕ್ಕೇ ಸೇರಬೇಕು, ಇದ್ದರೂ ಸತ್ತರೂ. ಹದಿಮೂರು ಕಾಲಂಗಳ ಪಕ್ಕ ಹದಿನಾಲ್ಕನೆಯದೊಂದು ಎಳೆದೆ: ತವರಿಗೆ ಬಂದವರು ಹಡೆದ ಮಕ್ಕಳಲ್ಲಿ ವರ್ಷದೊಳಗೆ ತೀರಿಕೊಂಡವರು. ಯೋಜನೆ ನೋಡಲು ಬಂದ ವಿದೇಶದ ಹೆಂಗಸು ನನ್ನ ಡ್ರಾಫ್ಟನ್ನು ಎರಡು ಸಲ ಓದಿ, ಇದು ಬ್ರಿಲಿಯಂಟ್ ಎಂದಳು. ನನ್ನ ಹಿಂದೆ ನಿಂತಿದ್ದ ಆಫೀಸರ್ ಸಾಹೇಬರೂ ತಲೆಯಾಡಿಸಿದರು. ಅವತ್ತು ಸಂಜೆ ಆ ಹತ್ತು ನಿಮಿಷದ ದಾರಿಯನ್ನು ನಾನು ಇಪ್ಪತ್ತು ನಿಮಿಷ ಮಾಡಿದೆ. ಅತ್ತೆ ಬೈದದ್ದು ಕಿವಿಗೆ ಬೀಳಲೇ ಇಲ್ಲ.

ಮೊದಲ ಸಲ ಹಿಂದಿನ ಆರು ತಿಂಗಳದ್ದನ್ನು ಕೇಳಿದ್ದೆವು. ಫಾರ್ಮುಗಳು ಬಂದವು. ಎಲ್ಲರ ಹದಿನಾಲ್ಕನೇ ಕಾಲಂನಲ್ಲಿ ಸೊನ್ನೆ. ಗುಡಗೇರಿ ಕಡೆಯ ನರ್ಸ್ ಮಾತ್ರ ಐದು ಎಂದು ಬರೆದಿದ್ದಳು. ಹಿಂದೆ ಒಂದು ಹಾಳೆ ಲಗತ್ತಿಸಿ ಯಾವ ಮನೆ, ಯಾವ ಊರಿಂದ ಬಂದವಳು, ಕೂಸು ಎಷ್ಟು ದಿನ ಇತ್ತು ಎಂದು ಒಂದೊಂದನ್ನೂ ಹೇಳಿದ್ದಳು. ಒಂದು ಕೂಸು ಹನ್ನೊಂದು ದಿನ ಇತ್ತು. ಇನ್ನೊಂದು ಒಂದು ರಾತ್ರಿ.

ಸಾಹೇಬರು ನನ್ನನ್ನು ಒಳಗೆ ಕರೆದರು. ರಿಟೈರ್‌ಮೆಂಟ್ ಹತ್ತಿರವಿದ್ದ ಮನುಷ್ಯ, ಸಿಟ್ಟಿನವರಲ್ಲ. "ಏನ್ರಿ ಮೇಡಂ, ನಮ್ಮ ತಾಲೂಕಿನ್ಯಾಗ ಕೂಸುಗೋಳು ಸಾಯಾಕ ಹತ್ತಿದ್ದ ನಿಮ್ಮ ಫಾರ್ಮ್ ಬಂದ ಮ್ಯಾಲೆ ನೋಡ್ರಿ," ಎಂದು ನಕ್ಕರು. ನಂತರ ನಗಲಿಲ್ಲ. ಹದಿನಾರು ಸಬ್‌ಸೆಂಟರಿನಲ್ಲಿ ಒಂದೇ ಕಡೆ ಐದು ಸಾವು ಎಂದರೆ ಮೇಲಿನವರು ಏನು ತಿಳಿಯುತ್ತಾರೆ? ನರ್ಸ್ ಕೆಲಸ ಮಾಡುತ್ತಿಲ್ಲ ಎಂದು. ಅವರಿಗೆ 'ಆ್ಯಕ್ಷನ್ ಟೇಕನ್' ಬೇಕು.

"ಸರ್, ಆಕಿ ಒಬ್ಬಾಕೀನೇ ಖರೇ ಬರದಾಳ್ರಿ. ಉಳಿದವರ ಸೊನ್ನಿ ಸುಳ್ಳು," ಎಂದೆ.

"ಅದು ನನಗೂ ಗೊತ್ತದರಿ. ಆದ್ರ ಸೊನ್ನಿ ಬಗ್ಗೆ ಯಾರೂ ಎಕ್ಸ್‌ಪ್ಲನೇಷನ್ ಕೇಳೂದಿಲ್ಲಲ್ಲ." ಒಂದು ಖಾಲಿ ಹಾಳೆ ನನ್ನ ಕಡೆ ಸರಿಸಿದರು. "ಕಲಘಟಗಿ ಕಡೆ ಒಂದು ಪೋಸ್ಟ್ ಖಾಲಿ ಐತಿ. ಟ್ರಾನ್ಸ್‌ಫರ್ ಪ್ರಪೋಸಲ್ ಡ್ರಾಫ್ಟ್ ಮಾಡ್ರಿ, ನಿಮ್ಮ ಇಂಗ್ಲಿಷ್ ಚಲೋ ಐತಿ. ಇಲ್ಲಾಂದ್ರ ಶನಿವಾರದೊಳಗ ಹೋಗಿ ಫಿಗರ್ ವೆರಿಫೈ ಮಾಡಿ ಬರ್ರಿ. ಫಿಗರ್ ಸರಿ ಆತಂದ್ರ ಆರ್ಡರ್ ಬೇಕಾಗಿಲ್ಲ."

ಆ ಹಾಳೆಯ ಮೇಲೆ ನಾನು ಏನನ್ನೂ ಬರೆಯಲಿಲ್ಲ. ಮರುದಿನ ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ಗುಡಗೇರಿಯಲ್ಲಿ ಇಳಿದು, ಎರೆಭೂಮಿಯ ದಾರಿಯಲ್ಲಿ ಒಂದು ಗಂಟೆ ನಡೆದೆ.

ಸಬ್‌ಸೆಂಟರಿನ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಮಂಚದ ಮೇಲೆ ಆಕೆಯ ತಾಯಿ ಮಲಗಿದ್ದಳು. ಲಕ್ವಾ ಹೊಡೆದು ನಾಲ್ಕು ವರ್ಷವಾಗಿತ್ತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತಿತ್ತು. ನರ್ಸ್ ಊರೂರು ತಿರುಗಲು ಹೋದಾಗ ಎದುರು ಮನೆಯ ಸಾಬರ ಹೆಂಡತಿ ತನ್ನ ಕೆಲಸ ಬಿಟ್ಟು ಬಂದು ಮುದುಕಿಯನ್ನು ಹೊರಳಿಸಿ ಹೋಗುತ್ತಿದ್ದಳು. ನಾನು ಕೂತಿದ್ದಾಗಲೇ ಒಮ್ಮೆ ಬಂದಳು. ನರ್ಸ್ ಮನೆಯಲ್ಲೇ ಇರುವುದನ್ನು ಕಂಡು, "ಅಯ್ಯ, ಇವತ್ತ ಇದ್ದೀಯೇನ?" ಎಂದು ಹಾಗೇ ಹಿಂದಿರುಗಿದಳು.

"ಯಾರವ್ವಾ ಬಂದಾಕಿ?" ಎಂದು ಮಂಚದ ಮೇಲಿಂದ ತೊದಲು ದನಿ ಬಂತು.

"ಆಫೀಸಿನ ಬಾಯಾರು ಬೇ ಯವ್ವಾ."

"ಚಾ ಮಾಡಿ ಕೊಡು."

ಚಹಾ ಕುಡಿಯುತ್ತ ಕಲಘಟಗಿಯ ಮಾತು ಹೇಳಿದೆ. ಆಕೆ ಲೋಟ ಕೆಳಗಿಟ್ಟಳು.

"ಸುಳ್ಳು ಬರದ್ರ ಮೆಮೊ ಕೊಡ್ತಾರಂತ ತಿಳಿದಿದ್ನಿ. ಖರೇ ಬರದ್ರೂ ಕೊಡ್ತಾರೇನ್ರಿ?" ಎಂದಳು. ಆಮೇಲೆ ದನಿ ತಗ್ಗಿಸಿ, "ಈ ಊರು ಬಿಟ್ರ ಈಕಿನ್ನ ಹೊಳ್ಳಿಸಿ ಮಲಗಿಸೋರು ಯಾರ್ರಿ? ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

ನಾನು ಚೀಲದಿಂದ ಹೊಸ ಫಾರ್ಮು ತೆಗೆದು ಆಕೆಯ ಮುಂದಿಟ್ಟೆ. ಆ ಐದನ್ನು ಮೊದಲಿನಂತೆ ಗಂಡಂದಿರ ಊರಿಗೆ ಸೇರಿಸಿಬಿಡೋಣ ಎಂದೆ. ಅಲ್ಲಿ ಅವನ್ನು ಯಾರೂ ಬರೆದುಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಕೆ ಹದಿಮೂರು ಕಾಲಂಗಳನ್ನು ತುಂಬಿದಳು. ಪೆನ್ನಿಗೆ ಟೋಪಿ ಹಾಕಿ ಕೆಳಗಿಟ್ಟಳು.

"ಅದೊಂದು ನೀವ ಬರ್ಕೋರಿ ಬಾಯಾರ. ಆ ಕೂಸುಗೋಳಿಗೆ ನೀರು ಎರದೀನಿ ನಾ. ನನ್ನ ಕೈಲೆ ಬರಸಬ್ಯಾಡ್ರಿ."

ತಾಯಿಯ ಮಗ್ಗುಲು ಬದಲಿಸಲು ಎದ್ದಳು. ಆಕೆಯ ಬೆನ್ನು ನನ್ನ ಕಡೆ ಇದ್ದಾಗ ನಾನು ಸೊನ್ನೆ ಬರೆದೆ.

ಟ್ರಾನ್ಸ್‌ಫರ್ ನಿಂತಿತು. ಸೊನ್ನೆ ಬರೆಯುವುದು ಅದೊಂದೇ ಸಲ ಎಂದುಕೊಂಡಿದ್ದೆ. ಆದರೆ ಮುಂದಿನ ತಿಂಗಳು ಆಕೆಯ ಫಾರ್ಮು ಹದಿನಾಲ್ಕನೇ ಕಾಲಂ ಖಾಲಿ ಬಿಟ್ಟುಕೊಂಡೇ ಬಂತು. ಅದರ ಮುಂದಿನ ತಿಂಗಳೂ ಹಾಗೇ. ಎಲ್ಲ ಕಾಲಂನಲ್ಲಿ ಆಕೆಯ ಬಲಕ್ಕೆ ವಾಲಿದ ಅಕ್ಷರ, ಒಂದರಲ್ಲಿ ಏನೂ ಇಲ್ಲ. ಖಾಲಿ ಬಿಟ್ಟ ಫಾರ್ಮನ್ನು ಧಾರವಾಡದವರು ವಾಪಸು ಕಳಿಸುತ್ತಿದ್ದರು, ಹಾಗಾಗಿ ತಿಂಗಳು ತಿಂಗಳೂ ನಾನೇ ಅಲ್ಲಿ ಸೊನ್ನೆ ಹಾಕಿದೆ. ಆಕೆ ಎಲ್ಲ ತಿಂಗಳೂ ಖಾಲಿ ಬಿಡುತ್ತಿದ್ದಳಲ್ಲ, ಯಾವ ಸೊನ್ನೆ ನಿಜ, ಯಾವುದರ ಹಿಂದೆ ಕೂಸು ಇದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಯಾರಿಗೆ ಹೇಳಲಿ? ಸಾಹೇಬರಿಗೆ ಗೊತ್ತಿತ್ತು, ಗೊತ್ತಿಲ್ಲದಂತಿದ್ದರು. ಮನೆಯಲ್ಲಿ ಹೇಳಿದರೆ, ನೌಕರಿ ಬಿಟ್ಟು ಮನೆಯಲ್ಲಿರು ಎನ್ನುತ್ತಿದ್ದರು. ಖಾಲಿ ಕಾಲಂ ಹಾಗೇ ಮೇಲಕ್ಕೆ ಕಳಿಸಿದರೆ ವಿಚಾರಣೆ ಎದ್ದು ಮುದುಕಿಯ ಮಂಚ ಕಲಘಟಗಿಗೆ ಹೋಗಬೇಕು. ಒಳ್ಳೆಯದಕ್ಕೆಂದು ನಾನೇ ಸ್ಕೇಲ್ ಹಿಡಿದು ಎಳೆದ ಎರಡು ಗೆರೆಗಳ ನಡುವೆ ನಾನೇ ಸಿಕ್ಕಿಬಿದ್ದಿದ್ದೆ.

ಒಮ್ಮೆ ಮೀಟಿಂಗ್ ಮುಗಿದ ಮೇಲೆ ಆಕೆ ಇಟ್ಟುಕೊಳ್ಳಬೇಕಾದ ಫಾರ್ಮಿನ ಕಾಪಿ ವಾಪಸು ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು ನೋಡಿ, "ಕಾನ್ವೆಂಟಿನ್ಯಾಗ ಅಗದಿ ಚಲೋ ಕಲಿಸ್ಯಾರ್ರಿ. ಎಷ್ಟ ದುಂಡಗ ಬರೀತೀರಿ ಸೊನ್ನಿ!" ಎಂದಳು. ಪಕ್ಕದ ನರ್ಸುಗಳು ಹೊಗಳಿಕೆ ಎಂದೇ ತಿಳಿದರು.

ಎರಡು ವರ್ಷದ ಹತ್ತಿರ ಹೀಗೇ ನಡೆಯಿತು. ನಮ್ಮ ತಾಲೂಕಿನ ರಿಪೋರ್ಟಿಂಗ್ ಬಹಳ ಇಂಪ್ರೂವ್ ಆಗಿದೆ ಎಂದು ಮೇಲಿನಿಂದ ಪತ್ರವೂ ಬಂತು. ಸಾಹೇಬರು ಅದನ್ನು ಫೈಲ್ ಮಾಡಲು ನನಗೇ ಕೊಟ್ಟರು.

ಆಮೇಲೊಂದು ತಿಂಗಳು ಆಕೆ ಮೀಟಿಂಗಿಗೆ ಬರಲಿಲ್ಲ. ತಾಯಿ ತೀರಿಕೊಂಡಳೆಂದು ಬೇರೆ ನರ್ಸ್ ಹೇಳಿದಳು. ಮುಂದಿನ ತಿಂಗಳು ಬಂದು, ಎಲ್ಲರೂ ಹೋಗುವವರೆಗೆ ಕಾದು, ಫಾರ್ಮನ್ನು ನನ್ನ ಟೇಬಲ್ ಮೇಲಿಟ್ಟಳು. ಹದಿನಾಲ್ಕನೇ ಕಾಲಂ ತುಂಬಿತ್ತು. ಹಿಂದೆ ಎರಡು ವರ್ಷದ ಹಾಳೆಗಳು. ಮನೆ, ಊರು, ಎಷ್ಟು ದಿನ. ಒಂದನ್ನೂ ಬಿಟ್ಟಿರಲಿಲ್ಲ.

"ಸಿಸ್ಟರ್, ಇದು ಹೋತಂದ್ರ ಆರ್ಡರ್ ಬರ್ತದ," ಎಂದೆ.

"ಬರಲಿ ಬಿಡ್ರಿ. ಇನ್ನ ನನಗೇನು ಹೊಳ್ಳಿಸಿ ಮಲಗಿಸೂದೈತಿ?"

ನಾನು ಮುಚ್ಚಿದ ಕಿಟಕಿಯ ಕಡೆ ನೋಡಿದೆ. ಅಲ್ಲಿ ನೋಡಲು ಏನೂ ಇರಲಿಲ್ಲ. "ಈ ಹಳೇ ಸೊನ್ನಿ ಎಲ್ಲಾ ನನ್ನ ಅಕ್ಷರದಾಗ ಅವ," ಎಂದೆ.

"ಗೊತ್ತದ ಬಾಯಾರ. ಅದಕ್ಕ ನಿಮ್ಮ ಕೈಯಾಗ ಕೊಟ್ಟೀನಿ. ಕಳಸ್ರಿ, ಇಲ್ಲಾ ಒಲಿಗೆ ಹಾಕ್ರಿ. ನಂದು ಮುಗೀತು."

ಎರಡು ದಿನ ಅದು ನನ್ನ ಡ್ರಾಯರಿನಲ್ಲಿತ್ತು. ಮೂರನೆಯ ದಿನ ಕಳಿಸಿದೆ. ಅಂದರೆ, ಆ ತಿಂಗಳ ಫಾರ್ಮನ್ನು ಕಳಿಸಿದೆ. ಹಿಂದಿನ ಎರಡು ವರ್ಷದ ಹಾಳೆಗಳನ್ನು ಕಳಿಸಲಿಲ್ಲ. ಅವನ್ನು ಕಳಿಸಿದ್ದರೆ ಆರ್ಡರ್ ನನ್ನ ಹೆಸರಿಗೂ ಬರುತ್ತಿತ್ತು. ಈ ವಯಸ್ಸಿನಲ್ಲಿ ಇದನ್ನು ಬರೆಯಲು ಏನೂ ತೊಂದರೆ ಇಲ್ಲ. ಆಗ ಇತ್ತು. ಕಲಘಟಗಿ ಕಡೆಗೆ ಆರ್ಡರ್ ಆಕೆಯೊಬ್ಬಳಿಗೇ ಬಂತು. ಮುಂದಿನ ವರ್ಷ ಅಚ್ಚಾದ ಫಾರ್ಮಿನಲ್ಲಿ ಹದಿಮೂರೇ ಕಾಲಂ ಇದ್ದವು.

ಆಕೆ ಕುಂದಗೋಳದಲ್ಲಿ ಬಸ್ ಬದಲಿಸುವ ದಿನ ಊಟದ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಹುಬ್ಬಳ್ಳಿ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು.

"ಅಲ್ಲಿ ಕ್ವಾರ್ಟರ್ಸ್ ಇಲ್ಲಂತಲ್ಲ ಸಿಸ್ಟರ್," ಎಂದೆ.

"ಒಬ್ಬಾಕಿ ಅದೀನಿ. ಯಾರದರ ಪಡಸಾಲ್ಯಾಗ ಬಿದ್ಕೋತೀನಿ." ನನ್ನ ಮುಖವನ್ನೇ ನೋಡಿದಳು. "ಆ ಹಳೇ ಹಾಳಿ ಕಳಸಿದ್ರೇನ್ರಿ?"

ನಾನು ಬಸ್ಸಿನ ಬೋರ್ಡ್ ಓದುತ್ತ ನಿಂತೆ. ಆಕೆ, "ಹೋಗ್ರಿ ಬಾಯಾರ, ಊಟದ ಸುಟ್ಟಿ ಮುಗೀತೈತಿ. ಸಾಹೇಬ್ರು ಹುಡುಕ್ಯಾಡ್ತಾರ," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬಸ್ಸಿನ ಟಾಪ್ ಮೇಲೆ ಆಕೆಯ ಟ್ರಂಕನ್ನೂ ಮಡಚಿದ ಕಬ್ಬಿಣದ ಮಂಚವನ್ನೂ ಹಮಾಲ ಕಟ್ಟುತ್ತಿದ್ದ. ಇಂಜಿನ್ ಶುರುವಾಯಿತು. ಆಕೆ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಒಂದು ಕೈಯಿಂದ ಸೆರಗು ಹಿಡಿದು, ಕತ್ತು ಮೇಲೆತ್ತಿ, "ಬಿಗಿದು ಕಟ್ಟಪಾ, ಅದರ ಕಾಲು ಸಡ್ಲ ಅದಾವ," ಎಂದು ಕೂಗುತ್ತಿದ್ದಳು. ನಾನು ಕೈ ಎತ್ತಿದೆ. ಆಕೆಯ ಲಕ್ಷ್ಯವೆಲ್ಲ ಮೇಲೇ ಇತ್ತು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಹಾಗೇ ಇತ್ತು.