ಕಣ್ಣು ಹತ್ತಿಸುವ ಕಸಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈಲರ್ ಮನೆಯ ಹಿತ್ತಲಲ್ಲಿ ಮಂಜು ಮೊಣಕಾಲೆತ್ತರಕ್ಕೆ ಕೂತಿದೆ. ಅದರ ನಡುವೆ ಹೆಂಗಸೊಬ್ಬರು ಒಣಗಿದ ಪೀಚ್ ಮರಕ್ಕೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದಾರೆ. ಮುಚ್ಚಿದ ಬಾಗಿಲು ತಟ್ಟಿ ಕಾಯುವವರ ಹಾಗೆ ಕಾಯುತ್ತಾರೆ, ಮತ್ತೆ ತಟ್ಟುತ್ತಾರೆ. ಒಳಗಿನಿಂದ ಯಾರಾದರೂ ಓಗೊಟ್ಟುಬಿಟ್ಟರೆ ಏನು ಗತಿ ಎಂದು ನನಗೆ ಪುಕಪುಕ.

"ಹುಳ ಕೊರೆದಿದ್ರೆ ಟೊಳ್ಳು ಸದ್ದು ಬರುತ್ತೆ, ಅದನ್ನ ಕೇಳ್ತಿದೀನಿ," ಎನ್ನುತ್ತಾರೆ, ನನ್ನ ಮುಖ ನೋಡಿ. "ಹೆದರ್ಬೇಡಿ, ಮರ ಮಾತಾಡಲ್ಲ. ಹೊಸಬರ ಎದುರಂತೂ ಮಾತಾಡಲ್ಲ."

ಊರಿಗೆಲ್ಲ ಈಕೆ ಕಸಿಯಕ್ಕ. ಪೇಪರಿಗೆ ಇವರ ಬಗ್ಗೆ ಬರೆಯಲೆಂದು ನಾನು ಜೊತೆಗೆ ಬಂದಿದ್ದೇನೆ. ಮನೆಮನೆಯ ಪೀಚ್ ಮರ ನೋಡಿಕೊಳ್ಳುವುದೇ ಕಸುಬು. ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಜೊತೆ ನರ್ಸರಿಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರಂತೆ. ಕಸಿ ಕಟ್ಟುವ ಕೈಚಳಕ ಅತ್ತೆಯದು. ನರ್ಸರಿ ಮುಚ್ಚಿದಾಗ ಅತ್ತೆ ಕೊಟ್ಟ ಚೂರಿಯೇ ಇಂದಿಗೂ ಇವರ ಸೊಂಟದಲ್ಲಿದೆ. ಏಣಿಯಿಂದ ಬಿದ್ದು ಒಂದು ಮೊಣಕಾಲು ಸರಿಯಾಗಿ ಮಡಚುವುದಿಲ್ಲ. ಆದರೂ ಬಿಸಿಲೇರುವಷ್ಟರಲ್ಲಿ ನಾಲ್ಕೈದು ಹಿತ್ತಲು ಮುಗಿಸುತ್ತಾರೆ.

"ಮರದ ಉಸಿರು ಹೋಗೋ ಗಳಿಗೆಗೆ ನನ್ನ ಕರೀತಾರೆ," ಎಂದು ಗೊಣಗುತ್ತಾರೆ. "ಪೀಚ್‌ಗೆ ಬೇಕಾಗಿದ್ದು ಇಷ್ಟೇ: ಬಿಸಿಲು, ಬುಡದಲ್ಲಿ ನಿಲ್ಲದ ನೀರು. ಚಳಿ ಕಳೀತಿದ್ದ ಹಾಗೆ ನಡುವಿನ ಕೊಂಬೆ ತೆಗೆದು ಮರದ ಹೊಟ್ಟೆ ಬಿಡಿಸ್ಬೇಕು, ಬೆಳಕು ಒಳಗಿಳೀಬೇಕು. ಕಾಯಿ ಕಿಕ್ಕಿರಿದ್ರೆ ಅರ್ಧಕ್ಕರ್ಧ ಕಿತ್ತೆಸೀಬೇಕು. ಅಯ್ಯೋ ಪಾಪ ಅಂತ ಎಲ್ಲಾನೂ ಇಟ್ಕೊಂಡ್ರೆ ಕೊಂಬೇನೇ ಮುರಿಯುತ್ತೆ. ಇನ್ನೊಂದು, ಪೀಚ್ ಸತ್ತ ಜಾಗದಲ್ಲಿ ಮತ್ತೆ ಪೀಚ್ ನೆಡಬಾರದು. ಹೊಸ ಸಸಿ ಎಷ್ಟು ಚೆನ್ನಾಗಿದ್ರೂ ಆ ಮಣ್ಣು ಅದನ್ನ ಏಳೋಕೆ ಬಿಡಲ್ಲ."

ಕಸಿ ಗಂಟಿನ ಕೆಳಗಿನಿಂದ ಚಿಗುರು ಎದ್ದರೆ ಕಂಡ ಕೂಡಲೇ ತೆಗೆಯಬೇಕು ಎಂಬುದೂ ಆಕೆಯ ಕಟ್ಟಪ್ಪಣೆ. ಅದು ನಾವು ನೆಟ್ಟ ಪೀಚ್ ಅಲ್ಲ, ಬೇರಿಗೆಂದು ಬಳಸಿದ ಕಾಡುಗಿಡ. ಬಿಟ್ಟರೆ ಮೇಲಿನ ಮರದ ಅನ್ನವನ್ನೆಲ್ಲ ತಾನೇ ಉಂಡುಬಿಡುತ್ತದೆ. ಆ ಅಪ್ಪಣೆ ನಡೆಯದೆ ಹೋದದ್ದು ಈ ಹಿತ್ತಲಿನಲ್ಲಿ ಮಾತ್ರ.

ಈ ಮರ ನೆಟ್ಟದ್ದು ಟೈಲರ್ ಹೆಂಡತಿ. ಕಳೆದ ಚಳಿಗಾಲ ಆಕೆ ತೀರಿಕೊಂಡರು. ಚಳಿ ಕಳೆದಾಗ ಮರದಲ್ಲಿ ಒಂದೇ ಕೊಂಬೆ ಚಿಗುರಿತು, ಉಳಿದದ್ದೆಲ್ಲ ಒಣಗಿತು. ಅದೇ ದಿನಗಳಲ್ಲಿ ಬುಡದಿಂದ ಒಂದು ಚಿಗುರು ಎದ್ದು, ನೋಡನೋಡುತ್ತಿದ್ದಂತೆ ಬೆಳೆಯತೊಡಗಿತು. ಟೈಲರ್ ತಮ್ಮ ಅಳತೆಯ ಟೇಪನ್ನು ಅದಕ್ಕೆ ಕಟ್ಟಿಬಿಟ್ಟರು. ಗರಗಸ ಹಿಡಿದು ಬಂದ ಕಸಿಯಕ್ಕನಿಗೆ ಅಡ್ಡ ನಿಂತರು.

"ಮುಟ್ಬೇಡಿ ಅಕ್ಕಾ. ಭುಜದವರೆಗೆ ಬಂದಿದ್ದಾಳೆ," ಅಂದರಂತೆ.

ಈಗ ಚಿಗುರು ಸರಿಯಾಗಿ ತೀರಿಕೊಂಡಾಕೆಯ ಎತ್ತರಕ್ಕೆ ಬಂದು ನಿಂತಿದೆ. ಹೆಂಡತಿಯ ಅಳತೆ ಟೈಲರ್‌ಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ಕಿಟಕಿಯೊಳಗೆ ಬಟ್ಟೆ ತೊಡಿಸುವ ತಲೆಯಿಲ್ಲದ ಗೊಂಬೆಯಿದೆ. ಅದರ ಎದೆ ಬೀದಿಯ ಕಡೆಗಿಲ್ಲ, ಚಿಗುರಿನ ಕಡೆಗಿದೆ. ನನಗಂತೂ ಅತ್ತ ನೋಡಲು ಧೈರ್ಯ ಸಾಲದು.

ಜಗಳವಾಡಿ ಸೋತ ಕಸಿಯಕ್ಕ ಒಂದು ಒಪ್ಪಂದಕ್ಕೆ ಬಂದರು. ಉಳಿದಿದ್ದ ಒಂದೇ ಕೊಂಬೆಯಿಂದ ಮೂರು ಕಣ್ಣು ತೆಗೆದು ಆ ಚಿಗುರಿಗೇ ಕಸಿ ಮಾಡುವುದು. ಕಣ್ಣೆಂದರೆ ಎಲೆಯ ಬುಡದ ಮೊಗ್ಗು. ಚಿಗುರಿನ ತೊಗಟೆ ಸೀಳಿ, ಕಣ್ಣನ್ನು ಒಳಗೆ ಕೂರಿಸಿ, ಪಟ್ಟಿ ಸುತ್ತಿದರು. ಒಂದು ಕಣ್ಣು ಹತ್ತಿದರೂ ಚಳಿ ಕಳೆದ ಮೇಲೆ ಅದರ ಮೇಲಿನ ಚಿಗುರನ್ನೆಲ್ಲ ಕತ್ತರಿಸಲು ಟೈಲರ್ ಒಪ್ಪಿದ್ದಾರೆ. ಅದಾದ ಮೇಲೆ ಆ ಕೊನೆಯ ಕೊಂಬೆಯೂ ಒಣಗಿತು. ಈ ಮೂರರಲ್ಲಿ ಒಂದೂ ಹತ್ತದಿದ್ದರೆ ಟೈಲರ್ ಹೆಂಡತಿ ನೆಟ್ಟ ಪೀಚ್ ಇನ್ನಿಲ್ಲ.

ಇವತ್ತು ಅದರ ಪರೀಕ್ಷೆ. ಟೈಲರ್ ಹೊರಗೆ ಬರುತ್ತಾರೆ. "ರಾತ್ರಿಯಿಡೀ ಕಣ್ಣು ಹತ್ತಲಿಲ್ಲ ಅಕ್ಕಾ."

"ನಿಮ್ದು ಹತ್ತದಿದ್ರೆ ಹೋಗ್ಲಿ ಅಣ್ಣಾ, ಇವುಗಳದ್ದು ಹತ್ತಿದ್ರೆ ಸಾಕು."

ಕಸಿ ಮಾಡುವಾಗ ಕಣ್ಣಿನ ಕೆಳಗೆ ಎಲೆಯ ತೊಟ್ಟನ್ನಷ್ಟೇ ಬಿಟ್ಟಿರುತ್ತಾರೆ. ಬೆರಳು ತಾಗಿದೊಡನೆ ಅದು ಬಿದ್ದರೆ ಕಣ್ಣಿಗೆ ಜೀವವಿದೆ ಎಂದರ್ಥ. ಕಸಿಯಕ್ಕ ಮೊದಲನೆಯದನ್ನು ಮುಟ್ಟುತ್ತಾರೆ. ಒಣಗಿ ಕಪ್ಪಾದ ತೊಟ್ಟು ಅಲುಗುವುದಿಲ್ಲ. ಎರಡನೆಯದೂ ಅಷ್ಟೇ.

"ಸತ್ತಿದ್ದು ಹೀಗೇ ಅಣ್ಣಾ, ಹಿಡ್ಕೊಂಡೇ ಇರುತ್ತೆ. ಬದುಕಿರೋದು ಬಿಡುತ್ತೆ."

ಟೈಲರ್ ಮುಖ ಆಚೆ ತಿರುಗಿಸುತ್ತಾರೆ. ಕಸಿಯಕ್ಕ ಮೂರನೆಯದರತ್ತ ಕೈ ಚಾಚುತ್ತಾರೆ. ಗಾಳಿಯಿಲ್ಲ, ಒಂದು ಎಲೆಯೂ ಅಲುಗುತ್ತಿಲ್ಲ. ಬೆರಳಿಗೂ ತೊಟ್ಟಿಗೂ ಇನ್ನೂ ಗೇಣು ದೂರವಿರುವಾಗಲೇ ಅದು ಕಳಚಿ ಕೆಳಗೆ ಬೀಳುತ್ತದೆ. ಚಾಚಿದ ಕೈ ಅಲ್ಲೇ ನಿಲ್ಲುತ್ತದೆ.

"ಬಿತ್ತಾ?" ಟೈಲರ್ ತಿರುಗದೆಯೇ ಕೇಳುತ್ತಾರೆ.

"ಬಿತ್ತು."

"ಮುಟ್ಟಿದ ಮೇಲೆ ತಾನೇ?"

ಕಸಿಯಕ್ಕ ನನ್ನತ್ತ ಒಮ್ಮೆ ನೋಡುತ್ತಾರೆ. "ಹೂಂ ಅಣ್ಣಾ. ಮುಟ್ಟಿದೆ, ಬಿತ್ತು."

ಟೈಲರ್ ಈ ಕಡೆ ತಿರುಗುತ್ತಾರೆ. ಆಮೇಲೆ ಚಿಗುರಿಗೆ ಕಟ್ಟಿದ್ದ ಟೇಪು ಬಿಚ್ಚಿ, ಸುತ್ತಿ, ಜೇಬಿಗಿಟ್ಟುಕೊಂಡು ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ.

ಗೇಟಿನ ಹತ್ತಿರ ಕಸಿಯಕ್ಕ ನನ್ನ ತೋಳು ಹಿಡಿಯುತ್ತಾರೆ. ಅವರ ಕೈ ತಣ್ಣಗಿದೆ.

"ಏನು ನೋಡಿದ್ರೋ ಅದನ್ನೇ ಬರ್ಕೊಳ್ಳಿ. ಅವರು ಪೇಪರ್ ಓದಲ್ಲ, ಕಾಲರ್ ಅಳತೆ ಕತ್ತರಿಸೋಕೆ ಇಟ್ಕೋತಾರೆ ಅಷ್ಟೇ. ಬಾಯಿಬಿಟ್ಟು ಮಾತ್ರ ಹೇಳ್ಬೇಡಿ. ಟೇಪು ಈಗಷ್ಟೇ ಬಿಚ್ಚಿದ್ದಾರೆ."

ನಿಮಗೇನು ಆಸೆ ಎಂದು ಕೇಳುತ್ತೇನೆ. ಕಸಿಯಕ್ಕ ಮಂಜಿನ ಕಡೆ ತಿರುಗಿ ನೋಡುತ್ತಾರೆ.

"ಚಳಿ ಕಳೆದ ಮೇಲೆ ಆ ಮೊಗ್ಗು ಕಣ್ಣು ಬಿಡುತ್ತಲ್ಲ, ಆಗ ಅದರ ಎದುರು ಅವರೊಬ್ಬರೇ ಇರಬಾರದು. ನಾನೂ ಇರ್ಬೇಕು. ಕೂರಿಸಿದವಳು ನಾನು."