ಸೋಫಾ ಸರಿಸಿದ್ದು

ಮನೆಗೆ ಹೊಸ ಟಿವಿ ಬಂದರೆ ಮೊದಲು ಸ್ಥಾನಪಲ್ಲಟವಾಗುವುದು ಸೋಫಾಗೆ ಎಂಬುದನ್ನು ನೀವೂ ಗಮನಿಸಿರಬಹುದು. ಚಿತ್ರದುರ್ಗದ ನಮ್ಮ ಮನೆಯಲ್ಲಿ ಅದು ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಆತು ವರ್ಷಗಳಿಂದ ಸ್ಥಾವರವಾಗಿತ್ತು. ಎದುರಿನ ಗೋಡೆಯ ಅರ್ಧ ನುಂಗುವ ಪರದೆ ಬಂದದ್ದೇ ತಡ, ಅಂಥ ಭವ್ಯ ವಸ್ತುವನ್ನು ಅಷ್ಟು ದೂರದಿಂದ ನೋಡುವುದು ಅದಕ್ಕೆ ಮಾಡುವ ಅವಮಾನವೆಂದು ಭಾವಿಸಿ, ಸೋಫಾವನ್ನು ಹಾಲ್‌ನ ನಡುವಿಗೆ ಎಳೆದು ತಂದು ಜಂಗಮವಾಗಿಸಿದೆ. ನನ್ನ ಸೊಂಟ ಮಾತ್ರ ಎರಡು ದಿನ ಸ್ಥಾವರವಾಯಿತು.

ಹೊಸದುರ್ಗದಲ್ಲಿರುವ ನನ್ನ ಅಕ್ಕ ಹಿಂದೊಮ್ಮೆ ತನ್ನ ಭಜನಾ ಮಂಡಳಿಯೊಡನೆ ಟಿವಿಯಲ್ಲಿ ಹಾಡಿದ್ದಳು. ಆ ಕಾರ್ಯಕ್ರಮವನ್ನು ನಾನು ವಿಡಿಯೊ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. ಈಗ ಉಬ್ಬಸದಿಂದಾಗಿ ಅವಳಿಗೆ ಒಂದು ಸಾಲು ಹಾಡುವಷ್ಟೂ ಉಸಿರು ಸಾಲದು. ಹೊಸ ಸೊಸೆಯ ಪಾಲಿಗೆ ಅತ್ತೆಯ ಗಾಯನವೆಂದರೆ ಬರೀ ಬಾಯಿಮಾತಿನ ಸಂಗತಿ. ಅವಳಿಗೆ ಅದನ್ನು ಕಣ್ಣಾರೆ ತೋರಿಸಬೇಕೆಂಬ ಹಂಬಲದಿಂದ ಅಕ್ಕ ಆ ಹುಡುಗಿಯನ್ನು ಕರೆದುಕೊಂಡು ಬಸ್ಸು ಹತ್ತಿ ಬಂದಳು.

ನಾನು ಅಕ್ಕನನ್ನು ಸಕಲ ಗೌರವಗಳೊಂದಿಗೆ ಸೋಫಾದ ನಟ್ಟನಡುವೆ ಕೂರಿಸಿ, ಪಕ್ಕದಲ್ಲಿ ಸೊಸೆಯನ್ನು ಕೂರಿಸಿ, ರೆಕಾರ್ಡರ್ ಚಾಲೂ ಮಾಡಿದೆ. ತಾಳ ಕೇಳಿಸಿತು, ಹಾಡು ಕೇಳಿಸಿತು. ಪರದೆಯ ಮೇಲೆ ಮಾತ್ರ ನೀರಿಗೆ ಬಿದ್ದ ರಂಗೋಲಿ. ಮಂಡಳಿಯ ಹೆಂಗಸರೆಲ್ಲ ಅಡ್ಡಡ್ಡ ಹಿಗ್ಗಿ, ಕಣ್ಣು ಮೂಗುಗಳಿಲ್ಲದ ನಿರಾಕಾರ ತತ್ತ್ವಗಳಾಗಿದ್ದರು.

ಆಯುಷ್ಯವೆಲ್ಲ ಮಕ್ಕಳಿಗೆ ಸಂಧಿ ಬಿಡಿಸಲು ಕಲಿಸಿದ ಕನ್ನಡ ಮೇಷ್ಟ್ರು ನಾನು. ಕೆಂಪು, ಹಳದಿ, ಬಿಳಿ ವೈರುಗಳ ಸಂಧಿ ಕೂಡಿಸುವಲ್ಲಿ ಆ ಪಾಂಡಿತ್ಯ ಕೆಲಸಕ್ಕೆ ಬರಲಿಲ್ಲ. ವೈರು ಕಿತ್ತೆ, ಒರೆಸಿದೆ, ಮತ್ತೆ ಚುಚ್ಚಿದೆ. ಅಂಗಡಿಯವನಿಗೆ ಫೋನ್ ಮಾಡಿದರೆ, "ಆ ಹಳೇದನ್ನ ಬಿಸಾಕ್ರಿ ಸಾರ್" ಎಂದು ಉಪದೇಶಿಸಿದ. ರಿಮೋಟಿನ ಗುಂಡಿಗಳನ್ನು ಒತ್ತುತ್ತ ಹೋದಾಗ ಹೆಂಗಸರ ಸ್ಥೂಲಕಾಯವೇನೋ ಕರಗಿ, ಚಿತ್ರ ಅದರ ಹಳೆಯ ಚೌಕಕ್ಕೆ ಬಂತು. ಎರಡು ಬದಿಗೂ ಕಪ್ಪು ಪಟ್ಟಿ ಉಳಿಯಿತು. "ಇಷ್ಟ್ ದೊಡ್ಡ ಟಿವಿ ತಂದಿದ್ದು ಎರಡ್ ಕಡೆ ಕರ್ರಗೆ ಬಿಡಾಕೇನ್ರಿ?" ಎಂದಳು ನನ್ನ ಹೆಂಡತಿ. ಮುಖಗಳು ಮಾತ್ರ ಇನ್ನೂ ಕಲಸಿಕೊಂಡೇ ಇದ್ದವು.

"ಇದ್ರಾಗೆ ನೀವ್ಯಾರು ಅತ್ತೆ?" ಎಂದು ಸೊಸೆ ಮೆಲ್ಲಗೆ ಕೇಳಿದಳು.

ಅಕ್ಕ ಮುಂದಕ್ಕೆ ಬಾಗಿದಳು, ಕನ್ನಡಕ ಒರೆಸಿಕೊಂಡಳು. ಎಲ್ಲರದೂ ಒಂದೇ ಬಣ್ಣದ ಸೀರೆ. ತನ್ನನ್ನು ತಾನೇ ಹುಡುಕಿ ಸೋತಳು. "ಸಾಕು, ಆಫ್ ಮಾಡೋ. ಕಾಣ್ದೇ ಇರೋದನ್ನ ಏನ್ ತೋರಿಸ್ತೀಯ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಬಹಳ ಸಂಕಟವಾಯಿತು. ಒಲೆಯ ಮೇಲಿನ ಹಾಲು ನೋಡುವ ನೆಪದಲ್ಲಿ ಸೊಸೆ ಎದ್ದು ಒಳಗೆ ಹೋದಳು.

ನಾನು ಆಫ್ ಮಾಡಲು ಸರಿಯಾದ ಗುಂಡಿ ಹುಡುಕುತ್ತಿದ್ದೆ. ನನ್ನ ಅಜ್ಞಾನದಿಂದ ಜಗತ್ತಿಗಾದ ಏಕೈಕ ಉಪಕಾರ ಬಹುಶಃ ಆ ವಿಳಂಬವೇ.

"ಅತ್ತೇ! ಹಿಂದ್ಗಡೆ ಸಾಲ್ನಾಗೆ ಕಣ್ಣ್ ಮುಚ್ಕಂಡು ಹಾಡ್ತಿರೋರು ನೀವೇ ಅಲ್ವಾ?"

ಅಡುಗೆಮನೆ ಬಾಗಿಲಲ್ಲಿ ನಿಂತ ಸೊಸೆ ಕೂಗಿದ್ದಳು. ಅಕ್ಕ ಎದ್ದು ಅವಳ ಬಳಿ ಹೋಗಿ ತಿರುಗಿ ನೋಡಿದಳು. ನಾನೂ ಹೋದೆ. ಅಷ್ಟು ದೂರದಿಂದ ಕಲಸಿದ್ದೆಲ್ಲ ಕೂಡಿಕೊಂಡು ಮುಖಗಳಾಗಿದ್ದವು. ಹಳೆಯ ಟಿವಿಯನ್ನು ಮನೆಯ ಹೆಂಗಸರು ಸೌಟು ಹಿಡಿದುಕೊಂಡು ನೋಡುತ್ತಿದ್ದುದು ಇದೇ ಬಾಗಿಲಿನಿಂದ. ನಾನು ಗೌರವಿಸುವ ಭರದಲ್ಲಿ ಅಕ್ಕನನ್ನು ಚಿತ್ರದ ಮೂಗಿಗೆ ತಂದು ಕೂರಿಸಿದ್ದೆ.

"ಹೂಂ ಕಣೇ, ನಾನೇ" ಎಂದಳು ಅಕ್ಕ. ಸೊಸೆಯ ಭುಜ ಹಿಡಿದುಕೊಂಡು, ಪರದೆಯ ಮೇಲಿನ ತನ್ನೊಡನೆ ಹಾಡತೊಡಗಿದಳು. ಅರ್ಧ ಸಾಲಿಗೆ ಉಸಿರು ನಿಂತಿತು. ಉಳಿದರ್ಧವನ್ನು ಪರದೆಯೊಳಗಿನ ಅಕ್ಕ ಕಣ್ಣು ಮುಚ್ಚಿಕೊಂಡೇ ಮುಗಿಸಿದಳು. ಹಾಲು ಉಕ್ಕಿದ್ದನ್ನು ಯಾರೂ ನೋಡಲಿಲ್ಲ.

ಸೋಫಾ ಈಗ ಮತ್ತೆ ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೇ ಆತುಕೊಂಡಿದೆ. ಇಷ್ಟು ದೊಡ್ಡ ಟಿವಿ ಇಟ್ಟುಕೊಂಡು ಅಷ್ಟು ದೂರ ಯಾಕೆ ಕೂರುತ್ತೀರಿ ಎಂದು ಬಂದವರು ಕೇಳುತ್ತಾರೆ. ನಮ್ಮಕ್ಕ ಕಾಣಬೇಕಲ್ಲ, ಅದಕ್ಕೆ ಎನ್ನುತ್ತೇನೆ.